375 ಓಟಿನ ನವೆಂಬರ್ ಒಂದು: ಮೇರಿಲ್ಯಾಂಡ್ ಕನ್ನಡಿಗರಿಗೆ ಬಹಿರಂಗ ಪತ್ರ

ಮೇರಿಲ್ಯಾಂಡಲ್ಲಿ ಮನೆ ಮಾಡ್ಕೊಂಡಿರೋ ಕನ್ನಡ ಬಂಧುಗಳಿಗೆಲ್ಲಾ ನಮಸ್ಕಾರ. ಅದರಲ್ಲೂ ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿ ಮಾಡೋಕೆ ಈಗಿಂದಾನೇ ಕೂತಿರೋ ಸಮಿತಿಯ ಅಕ್ಕಂದಿರು ಅಣ್ಣಂದಿರು ದಯವಿಟ್ಟು ಇದನ್ನ ಪೂರ್ತಿ ಓದಬೇಕು, ಉದ್ದ ಇದೆ, ಆದ್ರೂ ಓದಿ. ನಾನು ಕೇಳ್ತಿರೋದು ಸ್ಟೇಜ್ ಮೇಲೆ ಹತ್ತೇ ಹತ್ತು ನಿಮಿಷ, ಯಾಕೆ ಅನ್ನೋದಕ್ಕೆ ಈ ಪತ್ರ.

ಪ್ರತಿ ವರ್ಷ ನಾವು ಹಾಲ್ ಬುಕ್ ಮಾಡ್ತೀವಿ, ಹಳದಿ ಕೆಂಪು ಬಾವುಟ ಕಟ್ತೀವಿ, ಮಕ್ಕಳ ಕೈಲಿ ನಾಡಗೀತೆ ಹಾಡಿಸ್ತೀವಿ, 1956ರ ಏಕೀಕರಣದ ಬಗ್ಗೆ ಯಾರಾದ್ರೂ ಹಿರಿಯರು ಮಾತಾಡ್ತಾರೆ, ಆಮೇಲೆ ಊಟ. ನಂಗೆ ಅದೆಲ್ಲಾ ತುಂಬಾ ಇಷ್ಟ, ಒಂದು ವರ್ಷಾನೂ ತಪ್ಪಿಸ್ಕೊಂಡಿಲ್ಲ. ಆದ್ರೆ ಅದೇ ನವೆಂಬರ್ ಒಂದನೇ ತಾರೀಕು ನಾವು ನಿಂತಿರೋ ಈ ನೆಲಕ್ಕೂ ದೊಡ್ಡ ದಿನ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1864ರ ನವೆಂಬರ್ 1ಕ್ಕೆ ಮೇರಿಲ್ಯಾಂಡಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗೀತು. ಈ ರಾಜ್ಯದಲ್ಲಿ ಅದನ್ನ ವಿಮೋಚನೆ ದಿನ ಅಂತಾನೇ ಕರೀತಾರೆ. ಇಲ್ಲಿಗೆ ಬಂದು ಹನ್ನೆರಡು ವರ್ಷ ಆದ್ರೂ ನಂಗೇ ಗೊತ್ತಿರ್ಲಿಲ್ಲ, ಗೊತ್ತಾಗಿದ್ದು ಅಮ್ಮನ ದೆಸೆಯಿಂದ.

ಅಮ್ಮ ಹಾಸನ ಕಡೆ ಸರ್ಕಾರಿ ಶಾಲೆಲಿ ಟೀಚರಾಗಿದ್ದು ರಿಟೈರ್ ಆದೋರು. ಸರ್ವೀಸ್ ಪೂರ್ತಿ ಎಲೆಕ್ಷನ್ ಡ್ಯೂಟಿ ಮಾಡಿದಾರೆ, ಮಸ್ಟರಿಂಗಿಗೆ ಹೋಗೋದು, ಬೂತಲ್ಲಿ ರಾತ್ರಿ ಮಲಗೋದು, ಡಿಮಸ್ಟರಿಂಗ್ ಮುಗಿಸ್ಕೊಂಡು ಮಧ್ಯರಾತ್ರಿ ಬಸ್ಸಲ್ಲಿ ವಾಪಸ್ ಬರೋದು, ಕೌಂಟಿಂಗ್ ಟೇಬಲ್ಲಿಗೂ ಎಷ್ಟೋ ಸಲ ಹಾಕಿದ್ರು. ಹೋದ ಸಲ ಬಂದಾಗ ಈ ರಾಜ್ಯದ ರಾಜಧಾನಿ ಅನಾಪೊಲಿಸ್‌ಗೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಸ್ಟೇಟ್ ಹೌಸ್ (ನಮ್ಮ ವಿಧಾನಸೌಧದ ಥರ) ಒಳಗೆ ಹಳೇ ಹೌಸ್ ಆಫ್ ಡೆಲಿಗೇಟ್ಸ್ ಅಂತ ಒಂದು ಕೋಣೆ ಇದೆ, ಅದ್ರಲ್ಲಿ ಎರಡು ಕಂಚಿನ ಪ್ರತಿಮೆ, ಹ್ಯಾರಿಯೆಟ್ ಟಬ್‌ಮನ್ ಒಬ್ರು, ಫ್ರೆಡ್ರಿಕ್ ಡಗ್ಲಸ್ ಇನ್ನೊಬ್ರು, ಆಳೆತ್ತರಕ್ಕೆ ಇವೆ, 2020ರಲ್ಲಿ ಇಟ್ಟಿದ್ದು. ಇಬ್ರೂ ಇದೇ ಮೇರಿಲ್ಯಾಂಡಲ್ಲಿ ಗುಲಾಮರಾಗಿ ಹುಟ್ಟಿ ತಪ್ಪಿಸ್ಕೊಂಡು ಹೋಗಿ ಗುಲಾಮಗಿರಿ ವಿರುದ್ಧ ಹೋರಾಡಿದೋರು. ಗುಲಾಮಗಿರಿ ತೆಗೆಯೋ, ಈ ರಾಜ್ಯದ್ದೇ ಆದ ಸಂವಿಧಾನ ಬರೆದಿದ್ದು ಇದೇ ಕೋಣೆಲಿ, ಆಮೇಲೆ ಅದನ್ನ ರಾಜ್ಯದ ಜನರ ಮುಂದೆ ಓಟಿಗೆ ಇಟ್ರು ಅಂತ ಅಲ್ಲಿರೋದನ್ನ ಓದಿ ನಾನು ಅಮ್ಮಂಗೆ ಹೇಳಿದೆ.

ಅಮ್ಮ ಕೇಳಿದ ಮೊದಲನೇ ಪ್ರಶ್ನೆ: "ಲೀಡ್ ಎಷ್ಟು?"

ಫೋನಲ್ಲಿ ಹುಡುಕಿ ಹೇಳಿದೆ, 375.

"ಇಡೀ ರಾಜ್ಯಕ್ಕಾ? ಪೋಸ್ಟಲ್ ಎಷ್ಟು ಬಂದಿತ್ತು ನೋಡು."

ಅಲ್ಲೇ ಬೆಂಚ್ ಮೇಲೆ ಕೂತು ನೋಡಿದ್ವಿ. ಅಮ್ಮ ಪರ್ಸಲ್ಲಿದ್ದ ಪೆನ್ ತಗೊಂಡು ಪಾರ್ಕಿಂಗ್ ಚೀಟಿ ಹಿಂದೆ ಕೂಡ್ತಾ ಕಳೀತಾ ಬರ್ಕೊಂಡ್ರು, ಆ ಚೀಟಿ ಇನ್ನೂ ನಮ್ಮನೆ ಫ್ರಿಜ್ ಮೇಲೆ ಅಂಟಿಸಿದೆ. ಊರಲ್ಲಿದ್ದು ಓಟ್ ಹಾಕಿದೋರ ಲೆಕ್ಕ ಇದು: ಸಂವಿಧಾನದ ಪರ 27,541, ವಿರುದ್ಧ 29,536. ಅಂದ್ರೆ 1,995 ಓಟಿಂದ ಸೋತಿತ್ತು. ಆಮೇಲೆ ಆಗ ನಡೀತಿದ್ದ ಅಮೆರಿಕದ ಅಂತರ್ಯುದ್ಧಕ್ಕೆ ಹೋಗಿದ್ದ ಮೇರಿಲ್ಯಾಂಡ್ ಸೈನಿಕರು ತಮ್ಮ ಕ್ಯಾಂಪುಗಳಲ್ಲೇ ಹಾಕಿದ ಓಟು ಸೇರಿಸಿದ್ರು, ಪರ 2,633, ವಿರುದ್ಧ ಬರೀ 263. ಒಟ್ಟು ಸೇರಿಸಿದ್ರೆ 30,174ಕ್ಕೆ 29,799. ನಮ್ಮಲ್ಲಿ ಪೋಸ್ಟಲ್ ಬ್ಯಾಲೆಟ್ ಮೊದಲು ಎಣಿಸ್ತಾರೆ, ಇಲ್ಲಿ ಸೈನಿಕರ ಲೆಕ್ಕ ಕೊನೇಲಿ ಬಂದು ಫಲಿತಾಂಶಾನೇ ತಿರುಗಿಸಿಬಿಡ್ತು.

ನೀವು ತಕ್ಷಣ ಸಂತೇಮರಹಳ್ಳಿ ನೆನಪು ಮಾಡ್ಕೋತೀರ, 2004ರ ವಿಧಾನಸಭೆ ಎಲೆಕ್ಷನಲ್ಲಿ ಅಲ್ಲಿ ಎ.ಆರ್. ಕೃಷ್ಣಮೂರ್ತಿ ಒಂದೇ ಓಟಲ್ಲಿ ಸೋತಿದ್ದು, ಅದಕ್ಕೇ ಪ್ರತಿ ಓಟೂ ಮುಖ್ಯ ಅಂತ ಭಾಷಣ ಮಾಡ್ತೀನಿ ಅಂದ್ಕೋತೀರ. ಆ ಮಾತು ಸರೀನೇ, ಆದ್ರೆ ಅಷ್ಟಕ್ಕೆ ನಾನು ನಿಮ್ಮ ಹತ್ತು ನಿಮಿಷ ಕೇಳ್ತಿರ್ಲಿಲ್ಲ. ಅಮ್ಮ ಪೆನ್ ಕ್ಯಾಪ್ ಹಾಕಿ ಆ ಎರಡು ಪ್ರತಿಮೆ ಕಡೆ ನೋಡಿ ಕೇಳಿದ ಎರಡನೇ ಪ್ರಶ್ನೆ ನನ್ನ ತಲೇಲಿ ಕೂತಿದೆ. "ಈ ಓಟು ಯಾರ ವಿಷಯಕ್ಕೋ, ಅವರಿಗೆ ಓಟಿತ್ತಾ?"

ಇರ್ಲಿಲ್ಲ. ಒಬ್ರಿಗೂ ಇರ್ಲಿಲ್ಲ.

1860ರ ಜನಗಣತಿ ಪ್ರಕಾರ ಮೇರಿಲ್ಯಾಂಡಲ್ಲಿ 87,189 ಜನ ಗುಲಾಮರು, ಇನ್ನೂ 83,942 ಜನ ಗುಲಾಮರಲ್ಲದ ಕಪ್ಪು ಜನ. ಎರಡೂ ಸೇರಿದ್ರೆ ರಾಜ್ಯದ ನಾಲ್ಕರಲ್ಲೊಂದು ಪಾಲು. ಅವರ ಮೈ ಅವರದ್ದಾ, ಹೆತ್ತ ಮಕ್ಕಳು ಅವರ ಜೊತೆಲಿರ್ತಾರಾ, ದುಡಿದಿದ್ದಕ್ಕೆ ಕೂಲಿ ಸಿಗತ್ತಾ ಅನ್ನೋದನ್ನ ತೀರ್ಮಾನ ಮಾಡಿದ್ದು ಅರವತ್ತು ಸಾವಿರ ಬಿಳಿ ಗಂಡಸರು. ಹೆಂಗಸರಿಗಂತೂ ಯಾವ ಬಣ್ಣದೋರಿಗೂ ಓಟಿರ್ಲಿಲ್ಲ. ಆ ಅರವತ್ತು ಸಾವಿರದಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಬೇಡ ಅಂದ್ರು.

ಸ್ವಲ್ಪ ಹಿಂದಕ್ಕೆ ಹೋಗ್ಲೇಬೇಕು, ಇಲ್ದಿದ್ರೆ ಅರ್ಥ ಆಗಲ್ಲ. 1863ರ ಜನವರಿ 1ಕ್ಕೆ ಲಿಂಕನ್ ವಿಮೋಚನೆ ಘೋಷಣೆ ಹೊರಡಿಸಿದ್ರು ಅಂತ ನಾವೆಲ್ಲಾ ಓದಿದೀವಿ, ಅಲ್ಲಿಗೆ ಗುಲಾಮಗಿರಿ ಮುಗೀತು ಅಂತಾನೇ ಅಂದ್ಕೊಂಡಿದೀವಿ. ಆದ್ರೆ ಆ ಘೋಷಣೆ ಅನ್ವಯ ಆಗಿದ್ದು ಯೂನಿಯನ್ (ಅಂದ್ರೆ ಅಮೆರಿಕದ ಒಕ್ಕೂಟ) ಬಿಟ್ಟು ದಂಗೆ ಎದ್ದ ದಕ್ಷಿಣದ ಪ್ರದೇಶಗಳಿಗೆ ಮಾತ್ರ. ಮೇರಿಲ್ಯಾಂಡ್ ಯೂನಿಯನ್ ಬಿಟ್ಟು ಹೋಗಿರ್ಲಿಲ್ಲ, ಹಾಗಾಗಿ ಇಲ್ಲಿನ ಗುಲಾಮರು ಗುಲಾಮರಾಗೇ ಉಳಿದ್ರು. ದಂಗೆಗೆ ಹೋಗದೇ ನಿಷ್ಠೆಯಿಂದಿದ್ದ ರಾಜ್ಯ ಅನ್ನೋ ಕಾರಣಕ್ಕೇ ಇಲ್ಲಿನ ತಾಯಂದಿರಿಗೆ ಬಿಡುಗಡೆ ಸಿಗ್ಲಿಲ್ಲ, ಇದನ್ನ ಮೊದಲ ಸಲ ಓದಿದಾಗ ನಂಗೆ ಎದೆ ಹಿಂಡಿದ ಹಾಗಾಯ್ತು. ಕೆಂಟಕಿ, ಡೆಲವೇರ್ ಎರಡರಲ್ಲಿ 1865ರ ಡಿಸೆಂಬರ್ ತನಕ, ಅಂದ್ರೆ ದೇಶದ ಸಂವಿಧಾನಕ್ಕೆ 13ನೇ ತಿದ್ದುಪಡಿ ಬರೋ ತನಕ ಗುಲಾಮಗಿರಿ ಇತ್ತು. ಮೇರಿಲ್ಯಾಂಡ್ ಅಷ್ಟು ಕಾಯ್ಲಿಲ್ಲ, ತಾನೇ ಹೊಸ ಸಂವಿಧಾನ ಬರೆಯೋಕೆ ಹೊರಡ್ತು. 1864ರ ಏಪ್ರಿಲಲ್ಲಿ ಸಂವಿಧಾನ ಸಭೆ ಕರೀಬೇಕಾ ಬೇಡ್ವಾ ಅಂತ ಓಟ್ ಮಾಡಿಸಿದಾಗ ಹನ್ನೆರಡು ಸಾವಿರದಷ್ಟು ಬಹುಮತ ಬಂದಿತ್ತು. ಆರೇ ತಿಂಗಳಲ್ಲಿ ಆ ಹನ್ನೆರಡು ಸಾವಿರ 375ಕ್ಕೆ ಇಳೀತು ಅಂದ್ರೆ ನಡುವೆ ಏನೇನಾಗಿರ್ಬೇಕು ನೋಡಿ.

ನಡುವೆ ಆಗಿದ್ದು ಯುದ್ಧ, ಅದೂ ಇಲ್ಲೇ, ನಮ್ಮನೆ ಹತ್ರಾನೇ. ಜರ್ಮನ್‌ಟೌನ್, ಕ್ಲಾರ್ಕ್ಸ್‌ಬರ್ಗ್ ಕಡೆಯಿಂದ ಫ್ರೆಡ್ರಿಕ್‌ಗೆ ಟೂ ಸೆವೆಂಟಿ ಹೈವೇ ಮೇಲೆ ಹೋಗೋರು ದಿನಾ ಆ ಮೊನೊಕಸಿ ರಣರಂಗದ ಮಧ್ಯಾನೇ ದಾಟಿ ಹೋಗ್ತೀರ, ಎರಡೂ ಕಡೆ ಹೊಲ ಕಾಣತ್ತಲ್ಲ ಅದೇ. 1864ರ ಜುಲೈ 9ಕ್ಕೆ ಜುಬಲ್ ಅರ್ಲಿ ಅನ್ನೋ ದಕ್ಷಿಣದ ಜನರಲ್ ಅಲ್ಲಿ ಯೂನಿಯನ್ ಪಡೆ ಸೋಲಿಸಿ ವಾಷಿಂಗ್ಟನ್ ಬಾಗಿಲ ತನಕ ಹೋಗಿದ್ದ. ಫ್ರೆಡ್ರಿಕ್ ಪಟ್ಟಣ ಸುಡದೇ ಬಿಡ್ಬೇಕು ಅಂದ್ರೆ ದುಡ್ಡು ಕೊಡಿ ಅಂತ ಎರಡು ಲಕ್ಷ ಡಾಲರ್ ವಸೂಲಿ ಮಾಡಿದ್ರು. ಎರಡು ದಿನ ಬಿಟ್ಟು ಬಾಲ್ಟಿಮೋರ್ ಹೊರಗಿದ್ದ ಗವರ್ನರ್ ಆಗಸ್ಟಸ್ ಬ್ರಾಡ್‌ಫೋರ್ಡ್ ಮನೆ ಸುಟ್ಟು ಹಾಕಿದ್ರು. ಅನಾಪೊಲಿಸಲ್ಲಿ ಸಂವಿಧಾನ ಸಭೆ ಆಗ ಇನ್ನೂ ಮುಗಿದೇ ಇರ್ಲಿಲ್ಲ. ಗುಲಾಮಗಿರಿ ತೆಗೆಯೋ 24ನೇ ವಿಧಿ ಮಾತ್ರ ಜೂನ್ 24ಕ್ಕೇ ಸಭೆಲಿ 53ಕ್ಕೆ 27 ಓಟಲ್ಲಿ ಪಾಸಾಗಿತ್ತು. ಬೇಡ ಅಂದೋರಲ್ಲಿ ಹೆಚ್ಚಿನೋರು ರಾಜ್ಯದ ದಕ್ಷಿಣದ ಕೌಂಟಿಗಳು ಮತ್ತೆ ಈಸ್ಟರ್ನ್ ಶೋರ್ ಕಡೆಯೋರು, ಹೊಗೆಸೊಪ್ಪು ಬೆಳೆಯೋ ನೆಲ, ದೊಡ್ಡ ದೊಡ್ಡ ತೋಟ, ಗುಲಾಮರು ಹೆಚ್ಚಿದ್ದ ಜಾಗ. ಮಾಲೀಕರಿಗೆ ರಾಜ್ಯದ ಬೊಕ್ಕಸದಿಂದ ಪರಿಹಾರಾನೂ ಕೊಡಂಗಿಲ್ಲ ಅಂತ ಸಂವಿಧಾನದಲ್ಲೇ ಬರೆದಿದ್ರು, ಅದು ಅವರಿಗೆ ಇನ್ನೂ ಉರಿ.

ಈಗ ಒಂದು ಕಷ್ಟದ ವಿಷಯ ಹೇಳ್ಬೇಕು. ಸ್ಟೇಜ್ ಮೇಲೆ ಬರೀ ಒಳ್ಳೇದು ಹೇಳಿ ಇಳಿಯೋದು ನಂಗಿಷ್ಟ ಇಲ್ಲ. ಅಕ್ಟೋಬರ್ 12, 13ಕ್ಕೆ ನಡೆದ ಆ ಓಟಲ್ಲಿ ಪ್ರತಿಯೊಬ್ರೂ ನಿಷ್ಠೆಯ ಪ್ರಮಾಣ ಮಾಡ್ಬೇಕಿತ್ತು, ದಂಗೆಗೆ ಸಹಾಯ ಮಾಡಿದೋರಿಗೆ ಬೂತಲ್ಲೇ ಓಟಿಲ್ಲ ಅನ್ನೋ ನಿಯಮ. ಆ ನಿಯಮ ಎಲ್ಲಿತ್ತು ಗೊತ್ತಾ, ಯಾವ ಸಂವಿಧಾನದ ಬಗ್ಗೆ ಓಟ್ ಹಾಕ್ತಿದ್ರೋ ಅದೇ ಸಂವಿಧಾನದಲ್ಲಿ. ಇನ್ನೂ ಪಾಸೇ ಆಗದ ಕಾನೂನನ್ನ ಪಾಸ್ ಮಾಡೋ ಓಟಿಗೆ ಹೆಂಗೆ ಅನ್ವಯಿಸ್ತೀರ ಅಂತ ವಿರೋಧಿಗಳು ಕೇಳಿದ್ರು. ರಾಜ್ಯದ ಹೊರಗಿದ್ದ ಸೈನಿಕರ ಓಟು ಎಣಿಸಿದ್ದಕ್ಕೂ ಇದೇ ತಕರಾರು, ಕೋರ್ಟಿಗೂ ಹೋದ್ರು, ಕೋರ್ಟ್ ಮಧ್ಯೆ ಬರ್ಲಿಲ್ಲ, ಅಕ್ಟೋಬರ್ 29ಕ್ಕೆ ಬ್ರಾಡ್‌ಫೋರ್ಡ್ ಫಲಿತಾಂಶ ಘೋಷಣೆ ಮಾಡಿದ್ರು. ಅಮ್ಮಂಗೆ ಇದು ಹೇಳಿದಾಗ ಮುಖ ಗಂಟು ಹಾಕ್ಕೊಂಡ್ರು, ನಿಯಮ ನಿಯಮಾನೇ, ಮಧ್ಯದಲ್ಲಿ ಬದಲಾಯಿಸ್ಬಾರ್ದು ಅಂತ ಮೂವತ್ತು ವರ್ಷ ಬೂತಲ್ಲಿ ಕೂತೋರು ಹೇಳಿದ್ರು. ನಾನೂ ಈ ತಕರಾರನ್ನ ಸುಳ್ಳು ಅನ್ನಲ್ಲ. ಆದ್ರೆ ನಮ್ಮ ಹಕ್ಕು ಕಿತ್ಕೊಂಡ್ರು, ನಮ್ಮ ಮಾತು ಕೇಳ್ಲಿಲ್ಲ ಅಂತ ಕೋರ್ಟ್ ಮೆಟ್ಟಿಲು ಹತ್ತಿದೋರು ತಮ್ಮ ಹೊಲದಲ್ಲಿ ಬಿಟ್ಟಿ ದುಡೀತಿದ್ದ ಜನಕ್ಕೆ ಮಾತೇ ಇಲ್ಲ ಅನ್ನೋದನ್ನ ಅನ್ಯಾಯ ಅಂತ ಒಂದು ದಿನಾನೂ ಅಂದ್ಕೊಳ್ಲಿಲ್ಲ. ಎಣಿಕೆ ಸರಿ ಇದ್ಯಾ ಅಂತ ಕೇಳೋಕೆ ಮುಂಚೆ ಪಟ್ಟಿಲಿ ಯಾರಿದ್ರು ಅಂತ ಕೇಳ್ಬೇಕು. ಪಟ್ಟಿನೇ ಸರಿ ಇಲ್ದಿದ್ಮೇಲೆ 375 ಆದ್ರೇನು 37 ಸಾವಿರ ಆದ್ರೇನು, ಗೆದ್ದ ಕಡೆಗೂ ಅದರಲ್ಲಿ ತಲೆ ತಗ್ಗಿಸೋ ಪಾಲಿದೆ ಅನ್ನೋದು ನನ್ನ ಅಭಿಪ್ರಾಯ.

ಯಾಕಂದ್ರೆ ಸೈನಿಕರ ಓಟು ಈ ರಾಜ್ಯದ ಮಾನ ಉಳಿಸ್ತು ಅಂತೀವಲ್ಲ, ಆ ಸೈನಿಕರಲ್ಲೂ ಓಟಿಲ್ಲದ ಸೈನಿಕರಿದ್ರು. ಮೇರಿಲ್ಯಾಂಡಿಂದ ಎಂಟು ಸಾವಿರಕ್ಕೂ ಹೆಚ್ಚು ಕಪ್ಪು ಗಂಡಸರು ಯೂನಿಯನ್ ಸೈನ್ಯ ಸೇರಿದ್ರು. ಅವರಲ್ಲಿ ಕ್ರಿಶ್ಚಿಯನ್ ಫ್ಲೀಟ್‌ವುಡ್ ಅಂತ ಒಬ್ರು, ಬಾಲ್ಟಿಮೋರಲ್ಲಿ ಹುಟ್ಟಿದೋರು, ಸಾರ್ಜೆಂಟ್ ಮೇಜರ್. 1864ರ ಸೆಪ್ಟೆಂಬರ್ 29ಕ್ಕೆ ವರ್ಜೀನಿಯಾದ ಚಾಫಿನ್ಸ್ ಫಾರ್ಮ್ ಯುದ್ಧದಲ್ಲಿ ಬಾವುಟ ಹಿಡಿದಿದ್ದೋರು ಒಬ್ಬರಾದ ಮೇಲೆ ಒಬ್ರು ಗುಂಡೇಟಿಗೆ ಬಿದ್ದಾಗ ಇವರು ಆ ಬಾವುಟ ಎತ್ತಿ ಹಿಡಿದು ಗುಂಡಿನ ಮಳೆಲೇ ನಿಂತರು, ಅದಕ್ಕೆ ಮೆಡಲ್ ಆಫ್ ಆನರ್ ಬಂತು, ಸೈನಿಕನಿಗೆ ಈ ದೇಶ ಕೊಡೋ ಅತಿ ದೊಡ್ಡ ಗೌರವ. ಆ ಯುದ್ಧ ಆಗಿ ಎರಡು ವಾರಾನೂ ಆಗಿರ್ಲಿಲ್ಲ ಓಟಿನ ದಿನ ಬಂದಾಗ. ಬಿಳಿ ಸೈನಿಕರು ಕ್ಯಾಂಪಲ್ಲೇ ಓಟ್ ಹಾಕಿದ್ರು. ಫ್ಲೀಟ್‌ವುಡ್‌ಗೆ ಓಟಿಲ್ಲ. ದೇಶದ ಬಾವುಟ ಕೈಲಿ ಹಿಡಿಬಹುದು, ತನ್ನ ಜನರ ಬಿಡುಗಡೆಯ ಚೀಟಿ ಹಿಡಿಯೋ ಹಾಗಿಲ್ಲ. ನಮ್ಮ ಮಕ್ಕಳಿಗೆ ಇವರ ಹೆಸರು ಗೊತ್ತಿರ್ಲೇಬೇಕು, ಇದಕ್ಕಾದ್ರೂ ಆ ಹತ್ತು ನಿಮಿಷ ಕೊಡಿ.

ಇನ್ನೊಂದು ಸಂಗತಿ, ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಕಪ್ಪು ಜನ ಈ ದೇಶದ ಪ್ರಜೆಗಳೇ ಆಗೋಕೆ ಸಾಧ್ಯ ಇಲ್ಲ ಅಂತ 1857ರಲ್ಲಿ ಡ್ರೆಡ್ ಸ್ಕಾಟ್ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ ಇದೇ ಮೇರಿಲ್ಯಾಂಡಿನೋರು. ಅವರು ತೀರಿಕೊಂಡಿದ್ದು 1864ರ ಅಕ್ಟೋಬರ್ 12ಕ್ಕೆ, ಅವರದೇ ರಾಜ್ಯ ಗುಲಾಮಗಿರಿ ತೆಗೀಬೇಕಾ ಅಂತ ಓಟ್ ಹಾಕ್ತಿದ್ದ ದಿನಾನೇ. ಅವರ ಪ್ರತಿಮೆ 1872ರಿಂದ ಸ್ಟೇಟ್ ಹೌಸ್ ಮುಂದೆ ಇತ್ತು, 2017ರ ಆಗಸ್ಟಲ್ಲಿ ತೆಗೆದ್ರು. ಟಬ್‌ಮನ್, ಡಗ್ಲಸ್ ಒಳಗೆ ಬಂದಿದ್ದು ಅದಾದ್ಮೇಲೆ.

ನವೆಂಬರ್ ಒಂದು ಬಂತು, ಎಲ್ಲಾ ಸುಖವಾಯ್ತು ಅಂತ ಮುಗಿಸೋಕಾಗಲ್ಲ. ಬಿಡುಗಡೆ ಆದ ದಿನಗಳಲ್ಲೇ ಮಾಲೀಕರು ಹಳೇ ಕಾನೂನೊಂದನ್ನ ಹಿಡ್ಕೊಂಡು ಆರ್ಫನ್ಸ್ ಕೋರ್ಟುಗಳಿಗೆ (ಅನಾಥ ಮಕ್ಕಳ ವಿಷಯ ನೋಡೋ ಕೋರ್ಟುಗಳು) ಹೋದ್ರು, ತಾಯಿ ತಂದೆ ಕಣ್ಣೆದುರಿಗೇ ಸಾವಿರಾರು ಕಪ್ಪು ಮಕ್ಕಳನ್ನ ಅಪ್ರೆಂಟಿಸ್ ಅಂತ ಬರೆಸ್ಕೊಂಡು ವಾಪಸ್ ಇಟ್ಕೊಂಡ್ರು. ಹೆಸರಿಗೆ ಕಸುಬು ಕಲಿಸೋದು, ನಮ್ಮ ಕಡೆ ಮಾತಲ್ಲಿ ಹೇಳೋದಾದ್ರೆ ಮಕ್ಕಳನ್ನ ಜೀತಕ್ಕಿಟ್ಕೊಂಡ್ರು. ಜೀತ ಅಂದ್ರೇನು ಅಂತ ಕನ್ನಡದೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಟಾಲ್ಬಟ್ ಕೌಂಟಿಯ ಎಲಿಜಬೆತ್ ಟರ್ನರ್ ಅನ್ನೋ ಹುಡುಗಿಯ ಕೇಸಲ್ಲಿ 1867ರಲ್ಲಿ, ಟಾನಿ ಆದ್ಮೇಲೆ ಮುಖ್ಯ ನ್ಯಾಯಮೂರ್ತಿ ಆದ ಸಾಲ್ಮನ್ ಚೇಸ್ ಅವರು ಇದು ಗುಲಾಮಗಿರಿನೇ, 13ನೇ ತಿದ್ದುಪಡಿಗೆ ವಿರುದ್ಧ ಅಂತ ತೀರ್ಪು ಕೊಟ್ರು, ಅಲ್ಲಿ ತನಕ ಮೂರು ವರ್ಷ ಅಮ್ಮಂದಿರು ಮಕ್ಕಳಿಗಾಗಿ ಅಲೆದಿದ್ದೇ ಅಲೆದಿದ್ದು. ಕಷ್ಟಪಟ್ಟು 375 ಓಟಲ್ಲಿ ಗೆದ್ದ ಆ ಸಂವಿಧಾನಾನೂ ಉಳೀಲಿಲ್ಲ, 1867ರಲ್ಲಿ ಹೊಸದು ತಂದ್ರು, ಗುಲಾಮಗಿರಿಯನ್ನ ಮಾತ್ರ ವಾಪಸ್ ತರೋಕಾಗ್ಲಿಲ್ಲ.

ಆದ್ರೆ ಆ ನವೆಂಬರಲ್ಲಿ ಸಂತೋಷಾನೂ ಇತ್ತು, ಅದನ್ನ ಹೇಳದೇ ಬಿಟ್ರೆ ತಪ್ಪಾಗತ್ತೆ. 1838ರಲ್ಲಿ ಬಾಲ್ಟಿಮೋರಿಂದ ತಪ್ಪಿಸ್ಕೊಂಡು ಹೋಗಿದ್ದ ಡಗ್ಲಸ್ 26 ವರ್ಷ ಆದ್ಮೇಲೆ, 1864ರ ನವೆಂಬರ್ 17ಕ್ಕೆ ಅದೇ ಬಾಲ್ಟಿಮೋರಿನ ಬೆತೆಲ್ ಚರ್ಚಲ್ಲಿ ಬಂದು ಮಾತಾಡಿದ್ರು. ಅಷ್ಟು ವರ್ಷ ಅವರು ಇಂಗ್ಲೆಂಡ್ ತನಕ ಹೋಗಿ ಭಾಷಣ ಮಾಡಿ ಬಂದಿದ್ರು, ಹುಟ್ಟಿದ ರಾಜ್ಯಕ್ಕೆ ಮಾತ್ರ ಬರೋ ಹಾಗಿರ್ಲಿಲ್ಲ. ಅವರ ಅಕ್ಕ ಎಲೈಜಾ ಈಸ್ಟರ್ನ್ ಶೋರಿಂದ ಅಷ್ಟು ದೂರ ತಮ್ಮನ್ನ ನೋಡೋಕೆ ಬಂದಿದ್ರು, ಅಕ್ಕ ತಮ್ಮ ಮುಖ ನೋಡಿ ಮೂವತ್ತು ವರ್ಷದ ಹತ್ರ ಆಗಿತ್ತು. ವೀಸಾ ಸ್ಟ್ಯಾಂಪಿಂಗ್ ಸಿಗದೆ ಎರಡು ಮೂರು ವರ್ಷ ಊರಿಗೆ ಹೋಗದೇ ಇದ್ದಾಗ ನಾವು ಎಷ್ಟು ಅಳ್ತೀವಿ. ನಮ್ಮ ಕಷ್ಟಾನ ಅವರದಕ್ಕೆ ಹೋಲಿಸೋ ಯೋಗ್ಯತೆ ನಮಗಿಲ್ಲ, ನಾವು ಇಷ್ಟಪಟ್ಟು ಟಿಕೆಟ್ ತಗೊಂಡು ಬಂದೋರು. ಆದ್ರೂ ಅಕ್ಕನ್ನ ನೋಡೋದು ಅಂದ್ರೇನು ಅನ್ನೋದು ಗೊತ್ತಲ್ಲ ನಮಗೆ, ಅಷ್ಟಾದ್ರೂ ಗೊತ್ತು.

ಕಪ್ಪು ಗಂಡಸರಿಗೆ ಓಟಿನ ಹಕ್ಕು ಬಂದಿದ್ದು 1870ರಲ್ಲಿ, ದೇಶದ 15ನೇ ತಿದ್ದುಪಡಿಯಿಂದ, ಅದಕ್ಕೂ ಮೇರಿಲ್ಯಾಂಡ್ ಶಾಸನಸಭೆ ಆಗ ಒಪ್ಪಿಗೆ ಕೊಡ್ಲಿಲ್ಲ. ಕೊಟ್ಟಿದ್ದು ಯಾವಾಗ ಅಂದ್ರೆ 1973ರ ಮೇ ತಿಂಗಳಲ್ಲಿ. 1973, ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ. ನಮ್ಮ ಅಪ್ಪ ಅಮ್ಮಂದಿರು ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಯ್ತು ಅಂತ ಸಿಹಿ ಹಂಚಿದ ವರ್ಷ.

ಗ್ರೂಪಲ್ಲಿ ಈ ವಿಷಯ ಹಾಕಿದಾಗ ಒಬ್ಬರು "ಅದು ಅವರ ಹಬ್ಬ, ನಮಗ್ಯಾಕೆ, ನಮ್ಮ ಕಾರ್ಯಕ್ರಮಕ್ಕೇ ಟೈಮ್ ಸಾಲಲ್ಲ" ಅಂತ ಬರೆದಿದ್ರು. ಅಣ್ಣ, ಬೇಜಾರಿಲ್ಲದೆ ಕೇಳಿ. ನಮ್ಮ ಮಕ್ಕಳು ಹುಟ್ಟಿದ್ದು ಇಲ್ಲಿ, ನಮ್ಮನೆ ಇರೋದು ಇಲ್ಲಿ, ಏಷ್ಯಾದೋರಿಗೆ ಈ ದೇಶದ ಬಾಗಿಲು ಸರಿಯಾಗಿ ತೆಗೆದ 1965ರ ವಲಸೆ ಕಾನೂನು ಬಂದಿದ್ದು ಕಪ್ಪು ಜನ ಬೀದೀಲಿ ಲಾಠಿ ತಿಂದು ಹೋರಾಡಿದ ಅದೇ ಕಾಲದಲ್ಲಿ, ಅದೇ ಗಾಳಿಲಿ. ನಾವು ಅವರ ದುಡಿಮೆ ಮೇಲೆ ನಿಂತಿರೋ ರಾಜ್ಯದಲ್ಲಿ ನಮ್ಮ ಬಾವುಟ ಹಾರಿಸ್ತೀವಿ, ಅವರ ದಿನಾನೇ ಹಾರಿಸ್ತೀವಿ, ಒಂದು ಮಾತು ಹೇಳದೆ ಹೇಗಿರೋದು?

ಹಾಗಾಗಿ ಕೇಳ್ತಿರೋದು ಇಷ್ಟು. ನಾಡಗೀತೆ ಆದ ತಕ್ಷಣ, ಡ್ಯಾನ್ಸ್ ಶುರು ಆಗೋ ಮುಂಚೆ (ಆಮೇಲೆ ಯಾರೂ ಕೂತಿರಲ್ಲ, ನಿಮಗೇ ಗೊತ್ತು) ಇಬ್ಬರು ಮಕ್ಕಳು ಬರ್ತಾರೆ. ಒಬ್ರು 24ನೇ ವಿಧಿಯನ್ನ ಇಂಗ್ಲಿಷಲ್ಲಿ ಓದ್ತಾರೆ, ಗುಲಾಮರಾಗಿ ಹಿಡಿದಿಟ್ಟಿರೋ ಎಲ್ಲರೂ ಸ್ವತಂತ್ರರು ಅಂತ ಸಾರೋ ವಾಕ್ಯ ಅದು, ಇನ್ನೊಬ್ರು ಅದನ್ನೇ ಕನ್ನಡದಲ್ಲಿ ಓದ್ತಾರೆ. ಅನುವಾದ ನಾನು ಮಾಡಿಟ್ಟಿದೀನಿ, ಭಾಷೆ ಚೆನ್ನಾಗಿ ಬಲ್ಲೋರು ತಿದ್ದಿ ಕೊಡಿ. ಆ ವಿಧಿಲಿ ಅಪರಾಧಕ್ಕೆ ಶಿಕ್ಷೆಯಾಗಿ ಆದ್ರೆ ಪರವಾಗಿಲ್ಲ ಅನ್ನೋ ಒಂದು ತುಣುಕೂ ಇದೆ, ಅದನ್ನ ಬಿಟ್ಟು ಓದೋದು ಬೇಡ, ಇದ್ದದ್ದು ಇದ್ದ ಹಾಗೆ ಓದೋಣ. ಆಮೇಲೆ ನಾಲ್ಕು ಅಂಕಿ ಸ್ಕ್ರೀನ್ ಮೇಲೆ: 30,174, 29,799, 375, ಕೊನೇಲಿ 87,189. ಮೊದಲ ಮೂರು ಓಟು, ನಾಲ್ಕನೇದು ಓಟಿಲ್ಲದ ಜನ. ಫ್ಲೀಟ್‌ವುಡ್ ಅವರ ಫೋಟೋ ಒಂದು, ಮೆಡಲ್ ಹಾಕ್ಕೊಂಡಿರೋದು. ಅಷ್ಟೇ. ಖರ್ಚೇನೂ ಇಲ್ಲ, ಪ್ರಿಂಟ್ ಔಟ್ ನಾನೇ ತರ್ತೀನಿ.

ಆಗಲ್ಲ ಅಂದ್ರೂ ಪರವಾಗಿಲ್ಲ ಅಂತ ಹೇಳೋಕೆ ನಂಗೆ ಮನಸ್ಸಿಲ್ಲ, ಆಗಲೇಬೇಕು ಅಂತಾನೇ ಕೇಳ್ತಿದೀನಿ. ಜೊತೆಗೆ ರಾಜ್ಯೋತ್ಸವಕ್ಕೆ ಮುಂಚೆ ಯಾವುದಾದ್ರೂ ಒಂದು ದಿನ ಮಕ್ಕಳನ್ನ ಕರ್ಕೊಂಡು ಅನಾಪೊಲಿಸ್‌ಗೆ ಹೋಗೋಣ, ಟಿಕೆಟ್ ಇಲ್ಲ, ನನ್ನ ಕಾರಲ್ಲಿ ನಾಲ್ಕು ಸೀಟ್ ಖಾಲಿ ಇದೆ. ಅಮ್ಮ ಊರಿಂದ ವಿಡಿಯೋ ಕಾಲಲ್ಲಿ ಬರ್ತೀನಿ ಅಂದಿದಾರೆ, ಆ ಬೆಂಚ್ ಎಲ್ಲಿದೆ ಅಂತ ಮಕ್ಕಳಿಗೆ ತಾನೇ ತೋರಿಸ್ಬೇಕಂತೆ.